ಹಿನ್ನೀರಿನ ದಂಡೆಯಲ್ಲಿ ಹೇಳಿದ ಹೂಂ

ಜಪಾನಿನ ಕಿಯೋಕೊ ಸಾನ್ ತಮ್ಮ ಬದುಕಿನ ಅತ್ಯಂತ ಕಷ್ಟದ ಪ್ರಶ್ನೆಯನ್ನು ನನ್ನ ಮುಂದಿಟ್ಟ ದಿನ ಅವರ ಮಾತು ನನಗೆ ಅರ್ಥವಾಗಿರಲಿಲ್ಲ. ಆದರೂ ಹೌದು ಎಂದೆ. ಬರೀ ಹೌದಲ್ಲ— ಎಲ್ಲವನ್ನೂ ತಿಳಿದವಳ ಹಾಗೆ, ದನಿ ತಗ್ಗಿಸಿ, ಒಂದು ಉಸಿರು ತಡೆದು, ಹೌದು ಎಂದೆ. ಆ ಹೌದನ್ನು ನಂಬಿ ಎಪ್ಪತ್ತೆರಡು ವರ್ಷದ ಆ ಹೆಂಗಸು ತಮ್ಮ ಉಳಿದ ದಿನಗಳನ್ನು ಹೇಗೆ ಕಳೆಯಬೇಕೆಂದು ತೀರ್ಮಾನಿಸಿದರು. ನಾಲ್ಕು ವರ್ಷ ನಾನು ಬಾಯಿ ಬಿಡಲಿಲ್ಲ. ಅವರು ಕೃತಜ್ಞತೆ ಹೇಳಿದಾಗಲೆಲ್ಲ ಅದನ್ನು ತೆಗೆದುಕೊಂಡೆ.

ಇದನ್ನು ಮೊದಲೇ ಹೇಳಿಬಿಡಬೇಕು. ಹಿಂದುಮುಂದು ಜೋಡಿಸುತ್ತ ಹೋದರೆ ನನ್ನ ನೆನಪು ನನ್ನ ಪರವಾಗಿ ವಾದಕ್ಕೆ ನಿಂತುಬಿಡುತ್ತದೆ— ಅದರ ಚಾಳಿ ನನಗೆ ಗೊತ್ತು.

ನಮ್ಮೂರು ಹನಗೋಡು. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಕಿತ್ತು ತಂದ ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ಕಟ್ಟಿ, ಬೆಂಕಿಯ ಕಾವಿನಲ್ಲಿ ಹದ ಮಾಡುವ ಮನೆಯೊಳಗೆ— ಬ್ಯಾರನ್ ಎನ್ನುತ್ತೇವೆ— ತೂಗುಹಾಕಬೇಕು. ಕಟ್ಟುವ ದಿನ ಏಳೆಂಟು ಹೆಂಗಸರು ನೆರಳಲ್ಲಿ ಸಾಲಾಗಿ ಕೂರುತ್ತಿದ್ದರು. ಕೈಗೆ ಬಿಡುವಿಲ್ಲ, ಬಾಯಿಗೆ ಮಾತ್ರ ಬಿಡುವು. ಅಜ್ಜಿ ಕಥೆ ಹೇಳುತ್ತಿದ್ದಳು. ಕಥೆಗೆ ಯಾರಾದರೂ ಒಬ್ಬರು ಹೂಂಗುಟ್ಟಲೇಬೇಕು. ಹೂಂಗುಟ್ಟುವವರಿಲ್ಲದೆ ಕಥೆ ಹೇಳುವುದು ಅಪಶಕುನ ಎಂಬ ಹಾಗೆ ಅಜ್ಜಿ ಬಾಯಿ ಮುಚ್ಚಿಬಿಡುತ್ತಿದ್ದಳು. ಆ ಕೆಲಸ ನನ್ನದು.

"ಲೇ ಜಯ, ಊಂಗುಟ್ಟೇ. ನೀನು ನಿಲ್ಸುದ್ರೆ ನನ್ ಕತೇನೂ ನಿಂತೋಯ್ತದೆ."

ಬಹಳ ಬೇಗ ಕಲಿತೆ— ಎಲ್ಲಿ ಚಿಕ್ಕ ಹೂಂ, ಎಲ್ಲಿ ಎಳೆದ ಹೂಂ, ಎಲ್ಲಿ 'ಅಯ್ಯೋ' ಬೆರೆಸಿದ ಹೂಂ. ಕಥೆ ಕೇಳದೆಯೇ ಹೂಂಗುಟ್ಟಬಹುದು ಎಂಬುದನ್ನು ಅದಕ್ಕಿಂತ ಬೇಗ ಕಲಿತೆ. ಹೇಳುವವರ ಉಸಿರನ್ನು ಗಮನಿಸಿದರೆ ಸಾಕು. ಒಮ್ಮೆ ತೂಕಡಿಸುತ್ತಿದ್ದ ನನ್ನನ್ನು ಅಜ್ಜಿ ಪರೀಕ್ಷೆ ಮಾಡಿದಳು.

"ಆಮೇಲೆ ಆ ರಾಜ ಏನ್ ಮಾಡ್ದ ಅಂದ್ರೆ, ನಮ್ ಜಯನ್ನ ಒಂದು ಕತ್ತೆಗೆ ಕೊಟ್ಟು ಮದ್ವೆ ಮಾಡ್ದ."

"ಊಂ."

"ಒಪ್ಕಂಡ್ಬುಟ್ಳು ಕಣ್ರೇ! ವಾಲಗದೋರ್ಗೆ ಏಳ್ರೇ!"

ಸೊಪ್ಪು ಕಟ್ಟುವ ಕೈಗಳೆಲ್ಲ ನಿಂತುಹೋಗುವಷ್ಟು ನಕ್ಕರು. ಕತ್ತೆಗೆ ಕೊಟ್ಟದ್ದು ನಿನ್ನನ್ನಲ್ಲ, ನನ್ನನ್ನು ಎಂದು ನನ್ನ ಅಕ್ಕ ಇವತ್ತಿಗೂ ವಾದಿಸುತ್ತಾಳೆ. ಇರಬಹುದು. ಅವಮಾನ ಯಾರದಾದರೂ ಆಗಲಿ, ಹೂಂ ನನ್ನದು— ಅಷ್ಟರಮಟ್ಟಿಗೆ ಖಾತ್ರಿ.

ದೊಡ್ಡವಳಾದ ಮೇಲೆ ಅಂತರಸಂತೆಯಿಂದಾಚೆ, ಕಬಿನಿಯ ಹಿನ್ನೀರಿಗೆ ಹತ್ತಿರದ ಒಂದು ಸಣ್ಣ ರೆಸಾರ್ಟಿನಲ್ಲಿ ರೂಮು ಗುಡಿಸಿ, ಹಾಸಿಗೆ ಬಟ್ಟೆ ಬದಲಿಸುವ ಕೆಲಸಕ್ಕೆ ಸೇರಿದೆ. ಹಕ್ಕಿ ನೋಡಲು ಜಪಾನಿನವರು ಬರುತ್ತಿದ್ದರು. ಅವರ ಭಾಷೆ ಕಲಿತವರಿಗೆ ಅತಿಥಿಗಳ ಜೊತೆ ಓಡಾಡುವ ಕೆಲಸ ಕೊಡುತ್ತೇನೆಂದು ಮಾಲೀಕರು ಹೇಳಿದರು. ಫೋನಿನಲ್ಲಿ ಒಂದಿಷ್ಟು, ರಜೆಯ ದಿನ ಮೈಸೂರಿನ ಒಂದು ತರಗತಿಯಲ್ಲಿ ಒಂದಿಷ್ಟು— ಹೀಗೆ ಶುರುವಾಯಿತು.

ಆ ಭಾಷೆಯಲ್ಲಿ ಕೇಳುವವರು ಸುಮ್ಮನಿರುವಂತಿಲ್ಲ ಎಂದು ಎರಡನೆಯ ವಾರದಲ್ಲೇ ಗೊತ್ತಾಯಿತು. ಎದುರಿನವರು ಮಾತಾಡುತ್ತಿದ್ದರೆ ನಡುನಡುವೆ ನೀವು ನಮ್ಮ ಹೂಂ ಹಾಗೆ 'ಏಏ' ಎನ್ನಬೇಕು, 'ಸೋ ದೆಸ್ ಕಾ' ಎನ್ನಬೇಕು— ಓಹೋ ಹೌದಾ ಎಂದ ಹಾಗೆ. ಇಲ್ಲದಿದ್ದರೆ ಅವರಿಗೆ ಕಸಿವಿಸಿ. ಜೊತೆಯವರು ವಾಕ್ಯಗಳನ್ನು ಗಟ್ಟಿಮಾಡಿಕೊಂಡು, ಏಣಿ ಹತ್ತುವವರಂತೆ ಒಂದೊಂದೇ ಪದದ ಮೇಲೆ ಕಾಲಿಡುತ್ತಿದ್ದರು. ನನ್ನ ಹತ್ತಿರ ಪದಗಳೇ ಇರಲಿಲ್ಲ. ಆದರೆ ಹೂಂ ಇತ್ತು. ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿತ್ತು. "ಜಯಾ ಅವರ ಹಾಗೆ ಸಹಜವಾಗಿ ಮಾತಾಡಿ" ಎಂದರು ಮೇಷ್ಟ್ರು. ನಾನು ಮಾತಾಡುತ್ತಲೇ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ.

ಕಿಯೋಕೊ ಸಾನ್— ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ— ನಿವೃತ್ತ ಶಾಲಾ ಶಿಕ್ಷಕಿ. ಗಂಡ ತೀರಿಕೊಂಡ ಮೇಲೆ ಪ್ರತಿ ಜನವರಿಯಲ್ಲಿ ಒಬ್ಬರೇ ಬರುತ್ತಿದ್ದರು, ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು. ಮೂರನೆಯ ಸಲ ಬಂದಾಗ ಅವರ ಜೊತೆಗೆ ನನ್ನನ್ನು ಕಳಿಸಿದರು. ಜೀಪು ಓಡಿಸುತ್ತಿದ್ದವನು ಮಾದ; ಅಂತರಸಂತೆಯ ಹತ್ತಿರದ ಆದಿವಾಸಿ ಹಾಡಿಯವನು, ನನಗಿಂತ ಒಂದೆರಡು ವರ್ಷ ಚಿಕ್ಕವನು. ಕಿಯೋಕೊ ಸಾನ್ ಜೊತೆಗಿನ ನನ್ನ ಮಾತುಕತೆ ನೋಡಿ ಬೆರಗಾಗಿ ಗೇಲಿ ಮಾಡುತ್ತಿದ್ದ. "ಜಯಕ್ಕೋ, ನೀನೇನು ಜಪಾನ್ನೋರ್ ಮನೇಲಿ ಉಟ್ಟಿ, ಇಲ್ಲಿಗ್ ತಪ್ಪುಸ್ಕಂಡ್ ಬಂದಿದ್ದಾ?"

ಆ ದಿನ— ಮಧ್ಯಾಹ್ನ ಎಂದು ನೆನಪು. ಆದರೆ ಮಾದ ತೆಗೆದ ಫೋಟೋದಲ್ಲಿ ನೆರಳು ಉದ್ದವಾಗಿದೆ, ಬೆಳಿಗ್ಗೆ ಇರಬೇಕು. ಅವರು ನೀಲಿ ಟೋಪಿ ಹಾಕಿದ್ದರು ಎಂದು ಆಣೆಯಿಟ್ಟು ಹೇಳುತ್ತಿದ್ದೆ. ಫೋಟೋದಲ್ಲಿ ಟೋಪಿಯೇ ಇಲ್ಲ. ನೀರು ಇಳಿದ ಕಡೆ ಹಸಿರು ಎದ್ದಿತ್ತು, ಹೆಬ್ಬಾತುಗಳು ಮೇಯುತ್ತಿದ್ದವು, ಇವರು ದುರ್ಬೀನು ಕೆಳಗಿಟ್ಟು ಮಾತು ಶುರುಮಾಡಿದರು. ಮೊದಲ ಎರಡು ವಾಕ್ಯ ಅರ್ಥವಾದವು: ನನಗೊಬ್ಬಳು ತಂಗಿ ಇದ್ದಾಳೆ. ಅವಳ ಹೆಸರು ಸಚಿಕೊ. ಆಮೇಲೆ ಮಾತು ವೇಗವಾಯಿತು, ತಗ್ಗಿತು, ನನ್ನ ಕೈ ಮೀರಿತು.

ಅಲ್ಲಿಯೇ ನಿಲ್ಲಿಸಬಹುದಿತ್ತು. ಅರ್ಥವಾಗಲಿಲ್ಲ ಎನ್ನುವ ಪದ ನನಗೆ ಗೊತ್ತಿತ್ತು— ಮೊದಲ ಪಾಠದಲ್ಲೇ ಕಲಿಸಿದ್ದರು. ಹೇಳಲಿಲ್ಲ. ಹೇಳಿದರೆ ಸಹಜವಾಗಿ ಮಾತಾಡುವ ಜಯಾ ಮಾಯವಾಗಿ ಹಾಸಿಗೆ ಬಟ್ಟೆ ಬದಲಿಸುವ ಜಯಾ ಉಳಿಯುತ್ತಿದ್ದಳು. ಅವರ ಉಸಿರು ನೋಡಿದೆ, ಏಏ ಎಂದೆ. ತಡೆದರು, ತಡೆದೆ. ನಿಟ್ಟುಸಿರಿಟ್ಟರು, ಸೋ ದೆಸ್ ಕಾ ಎಂದೆ. ಅರ್ಧ ಗಂಟೆ. ಅವರು ಮುಗುಳ್ನಗುತ್ತಲೇ ಹೇಳುತ್ತಿದ್ದರು, ಕಣ್ಣಲ್ಲಿ ಮಾತ್ರ ನೀರಿತ್ತು. ಕೊನೆಗೆ ದನಿ ಮೇಲಕ್ಕೆ ಹೋಯಿತು— ಪ್ರಶ್ನೆ. ನನ್ನ ಮುಖ ನೋಡುತ್ತ ಕಾದರು.

ಹೌದು ಎಂದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡು ತಲೆ ಬಾಗಿಸಿದರು.

ರೂಮಿಗೆ ಬಿಟ್ಟು ಬರುವಾಗ ಮಾದ ಕೇಳಿದ, "ಏನಂತಕ್ಕಾ, ಅಷ್ಟೊತ್ತು ಏಳುದ್ರಲ್ಲ?"

"ಹಕ್ಕಿ ವಿಷ್ಯ ಕಣೋ."

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅಕ್ಕಿ ವಿಷ್ಯಕ್ ಯಾರಾರಾ ಅಳ್ತಾರಾ ಅಕ್ಕ?"

ಆಮೇಲೆ ಅವನು ಮತ್ತೆ ಕೇಳಲಿಲ್ಲ.

ಬೇಸಿಗೆಯಲ್ಲಿ ಪತ್ರ ಬಂತು. ಫೋನನ್ನು ಅಕ್ಷರಗಳ ಮೇಲೆ ಹಿಡಿದು, ಅದು ಕೊಟ್ಟ ಹರುಕುಮುರುಕು ಇಂಗ್ಲಿಷನ್ನು ಜೋಡಿಸಿಕೊಂಡೆ. ಹದಿನೆಂಟು ವರ್ಷ ಮಾತು ಬಿಟ್ಟಿದ್ದ ತಂಗಿಗೆ ಪಾರ್ಶ್ವವಾಯು ಹೊಡೆದಿದೆ. ನಡೆಯಲಾರಳು. ಅಕ್ಕನ ಜೊತೆ ಇರುತ್ತೇನೆಂದು ಹೇಳಿಕಳಿಸಿದ್ದಳು. 'ಕರೆದುಕೊಂಡು ಬರಲೇ ಎಂದು ನಾನು ಕೇಳಿದಾಗ ನೀವು ಒಂದಿಷ್ಟೂ ಅನುಮಾನಿಸಲಿಲ್ಲ. ನಿಮ್ಮ ಆ ಒಂದು ಮಾತಿಗೇ ಕರೆತಂದೆ. ಇನ್ನು ಅವಳನ್ನು ಬಿಟ್ಟು ನಾನೆಲ್ಲೂ ಹೋಗುವಂತಿಲ್ಲ. ಹೆಬ್ಬಾತುಗಳಿಗೆ ನನ್ನ ನಮಸ್ಕಾರ ತಿಳಿಸಿ.'

ಅದೇ ವಾರ ಮಾಲೀಕರಿಗೂ ಒಂದು ಪತ್ರ ಬಂದಿತ್ತು: ಇಷ್ಟು ಮನಸ್ಸಿಟ್ಟು ಕೇಳುವವರನ್ನು ನನ್ನ ದೇಶದಲ್ಲೂ ಕಂಡಿಲ್ಲ. ನನಗೆ ಅತಿಥಿಗಳ ಜೊತೆಗಿನ ಕೆಲಸ ಕಾಯಂ ಆಯಿತು. ಕಿಯೋಕೊ ಸಾನ್‌ಗೆ ಮಾರೋಲೆ ಬರೆದೆ— ಒಳ್ಳೆಯ ಕೆಲಸ ಮಾಡಿದಿರಿ, ನನಗೆ ತುಂಬ ಸಂತೋಷ, ಎಂದು. ಹಿನ್ನೀರಿನ ದಂಡೆಯಲ್ಲಿ ಹೇಳಿದ್ದು ಸುಳ್ಳೋ ಪೆದ್ದುತನವೋ ಎಂದು ಚರ್ಚೆ ಮಾಡಬಹುದು. ಈ ಕಾಗದದಲ್ಲಿ ಬರೆದದ್ದು ಶುದ್ಧ ಸುಳ್ಳು. ಗೊತ್ತಿದ್ದೇ ಬರೆದೆ.

ಆಮೇಲೆ ಪ್ರತಿ ಸೋಮವಾರ, ನನ್ನ ರಜೆಯ ದಿನ, ಅವರು ವಿಡಿಯೋ ಕರೆ ಮಾಡತೊಡಗಿದರು. ನಾನು ನಿಜವಾಗಿ ಜಪಾನಿ ಕಲಿತದ್ದು ಆ ಕರೆಗಳಲ್ಲಿ— ಯಾರಿಗೆ ಮೋಸ ಮಾಡಿದೆನೋ ಅವರಿಂದಲೇ. ತಂಗಿಯ ಹಟ, ತಂಗಿಯ ಔಷಧಿ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಂಗಿ ತಟ್ಟೆ ತಳ್ಳಿದ್ದು. ಬೇಸರ ಬಂದಾಗ ನಗುತ್ತ ಹೇಳುತ್ತಿದ್ದರು: "ಸಚಿಕೊ ಬೈದಾಗಲೆಲ್ಲ ಅವಳಿಗೆ ಹೇಳುತ್ತೇನೆ, ನನ್ನನ್ನು ಬೈಬೇಡ, ನಿನ್ನನ್ನು ಕರೆಸಿದ್ದು ಇಂಡಿಯಾದ ಜಯಾ ಸಾನ್ ಅಂತ." ನಾನೂ ನಗುತ್ತಿದ್ದೆ. ಸುಖವಾಗಿಯೂ ಇದ್ದೆ— ಇದನ್ನು ಒಪ್ಪಿಕೊಳ್ಳುವುದೇ ಹೆಚ್ಚು ಕಷ್ಟ. ನಾಲ್ಕು ವರ್ಷ ಅಪರಾಧಿ ಪ್ರಜ್ಞೆ ನನ್ನನ್ನು ಹಿಂಡಿತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಹೆಚ್ಚಿನ ದಿನ ನೆನಪೇ ಇರುತ್ತಿರಲಿಲ್ಲ.

ಈ ವರ್ಷ ಹುಣಸೂರಿನಲ್ಲಿ ಆರು ಹುಡುಗಿಯರಿಗೆ ಜಪಾನಿ ಹೇಳಿಕೊಡಲು ಶುರುಮಾಡಿದೆ. ನರ್ಸಿಂಗ್ ಓದಿದವರು, ಅಲ್ಲಿಯ ವೃದ್ಧಾಶ್ರಮಗಳಲ್ಲಿ ಕೆಲಸಕ್ಕೆ ಹೋಗುವವರು. ಪುಸ್ತಕದ ಮಾತು ಸಾಕು ಮಿಸ್, ಅಲ್ಲಿಯವರ ಹಾಗೇ ಮಾತಾಡೋದು ಹೇಳಿಕೊಡಿ ಎಂದರು. ನನ್ನ ವಿದ್ಯೆಯನ್ನು ಬಿಚ್ಚಿದೆ. "ಪದ ಗೊತ್ತಿಲ್ಲದಿದ್ದರೆ ಗಾಬರಿಯಾಗಬೇಡಿ. ಅವರ ಉಸಿರು ನೋಡಿ. ಏಏ ಅನ್ನಿ. ನಿಮ್ಮನ್ನು ಯಾರೂ ಹೊರಗಿನವರು ಅನ್ನುವುದಿಲ್ಲ."

ಪಿರಿಯಾಪಟ್ಟಣದ ಕಡೆಯ, ಹಾರನಹಳ್ಳಿಯ ರಂಜಿತಾ ಕೈ ಎತ್ತಿದಳು. ಯಾವಾಗಲೂ ತಮಾಷೆ ಮಾಡುವ ಹುಡುಗಿ. "ಮಿಸ್, ಅಲ್ಲಿ ಅಜ್ಜಿ ಎದೆ ನೋಯ್ತದೆ ಕಣಮ್ಮ ಅಂದ್ರೂ ಏಏ ಅಂದ್ಬುಟ್ಟು ನಗ್ತಾ ನಿಂತ್ಕಳದಾ?"

ಎಲ್ಲರೂ ನಕ್ಕರು. ಒಬ್ಬಳು ಎದೆ ಹಿಡಿದು ಮುದುಕಿಯಾದಳು, ಇನ್ನೊಬ್ಬಳು ಪಕ್ಕದಲ್ಲಿ ನಿಂತು ಏಏ, ಏಏ ಎಂದು ತಲೆಯಾಡಿಸಿದಳು. ಬಹಳ ಚೆನ್ನಾಗಿ ಮಾಡಿದಳು— ಉಸಿರಿಗೆ ಉಸಿರು ಕೂಡಿಸಿ. ನನಗೆ ನಗು ಬರಲಿಲ್ಲ. ಪಾಠ ಅಲ್ಲಿಗೇ ನಿಲ್ಲಿಸಿದೆ. ಈ ಆರು ಮಂದಿ ಆರು ಊರುಗಳಲ್ಲಿ ಯಾರ ಯಾರ ಹಾಸಿಗೆಯ ಪಕ್ಕ ನಿಂತು ನನ್ನ ಹೂಂ ಹೇಳುತ್ತಾರೆ ಎಂದು...

ಮುಂದಿನ ಸೋಮವಾರ ಕಿಯೋಕೊ ಸಾನ್‌ಗೆ ಹೇಳಿದೆ. ಮೆಲ್ಲಗೆ, ಸರಿಯಾದ ಪದಗಳಲ್ಲಿ. ಅವತ್ತು ದಂಡೆಯಲ್ಲಿ ನೀವು ಹೇಳಿದ್ದು ನನಗೆ ಅರ್ಥವಾಗಿರಲಿಲ್ಲ.

"ಯಾವುದು?"

"ಯಾವುದೂ."

ಅವರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡಿದ್ದರು.

"ಹಾಗಾದರೆ ನಾನು ಯಾರನ್ನು ಕೇಳಿದೆ?"

ಕರೆ ನಿಂತಿತು. ಮುಂದಿನ ಸೋಮವಾರ ಫೋನ್ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ನಾನಾಗಿ ಮಾಡುವ ಧೈರ್ಯವಾಗಲಿಲ್ಲ. ಮಾದನಿಗೆ ಎಲ್ಲ ಹೇಳಿದೆ. "ನಂಗೊತ್ತಿತ್ತು ಬುಡಕ್ಕ," ಎಂದ. "ಯಾವತ್ತಾದ್ರೂ ನೀನೇ ಏಳ್ತೀಯ ಅಂತ ಸುಮ್ಕಿದ್ದೆ." ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಮೂರನೆಯ ಸೋಮವಾರ ಫೋನ್ ಬಂತು. ನಮಸ್ಕಾರವಿಲ್ಲ, ನಗುವಿಲ್ಲ. ತರಗತಿಗೆ ಬಂದ ಶಿಕ್ಷಕಿಯ ಮುಖ.

"ಮೊದಲಿನಿಂದ ಹೇಳುತ್ತೇನೆ. ಅರ್ಥವಾಗದ ಕಡೆ ನಿಲ್ಲಿಸಿ."

ನಿಲ್ಲಿಸಿದೆ. ಮತ್ತೆ ಮತ್ತೆ ನಿಲ್ಲಿಸಿದೆ. ಈ ಪದ ಗೊತ್ತಿಲ್ಲ ಎಂದೆ, ಯಾರು ಯಾರಿಗೆ ಹೇಳಿದ್ದು ಎಂದೆ, ಇನ್ನೊಂದು ಸಲ ಎಂದೆ. ನನ್ನ ಜಪಾನಿ ಅಷ್ಟು ಒರಟಾಗಿ ಎಂದೂ ಕೇಳಿಸಿರಲಿಲ್ಲ. ಮಾತು ಹರಿಯಲೇ ಇಲ್ಲ, ಕುಂಟಿತು. ಅವರಿಗೆ ಸಿಟ್ಟು ಬಂದದ್ದು ಕಂಡಿತು. ಆದರೂ ಬಿಡಿಸಿ ಬಿಡಿಸಿ ಹೇಳಿದರು. ಪತ್ರದಲ್ಲಿ ಇಲ್ಲದ ಸಂಗತಿ ಆಗ ತಿಳಿಯಿತು. ಅವರ ತಾಯಿ ತೀರಿಕೊಂಡ ದಿನ ದೂರದಿಂದ ತಡವಾಗಿ ಬಂದ ಸಚಿಕೊಗೆ ಕಿಯೋಕೊ ಸಾನ್ ಬಾಗಿಲು ತೆರೆಯಲಿಲ್ಲ. ತಂಗಿ ಹೊರಗೆ ನಿಂತಿದ್ದಳು. ಇವರು ಒಳಗೆ, ಬಾಗಿಲಿನ ಈ ಕಡೆ, ನಿಂತೇ ಇದ್ದರು. ಹದಿನೆಂಟು ವರ್ಷ ಯಾರಿಗೂ ಹೇಳದ್ದನ್ನು ಅವರು ಮೊದಲ ಸಲ ಹೇಳಿದ್ದು ಕಬಿನಿಯ ದಂಡೆಯಲ್ಲಿ. ಹೇಳಿದ್ದು ನನಗೆ. ನಾನು ತಡೆದು ತಡೆದು ಏಏ ಎನ್ನುತ್ತಿದ್ದೆ.

ಕೊನೆಗೆ ಅದೇ ಪ್ರಶ್ನೆ. ಅವಳನ್ನು ಕರೆತರಲೇ?

ತುಂಬ ಹೊತ್ತು ಯೋಚಿಸಿದೆ. "ಗೊತ್ತಿಲ್ಲ" ಎಂದೆ.

"ನನಗೂ ಗೊತ್ತಿರಲಿಲ್ಲ," ಎಂದರು ಕಿಯೋಕೊ ಸಾನ್. "ಅದಕ್ಕೇ ಕೇಳಿದ್ದು."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳಿದ್ದರೆ ಮತ್ತೊಂದು ಹೌದನ್ನು ಅವರಿಂದ ಕಿತ್ತುಕೊಂಡ ಹಾಗಾಗುತ್ತಿತ್ತು. ಒಳಗಿನಿಂದ ಯಾರೋ ಕೂಗಿದರು. ಅವರು ಎದ್ದು, ಫೋನ್ ಹಿಡಿದುಕೊಂಡೇ ಕೋಣೆಗೆ ಹೋಗಿ, ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಒರಗಿದ್ದ ತಂಗಿಯ ಮುಂದೆ ಹಿಡಿದರು. ಬಾಯಿ ಒಂದು ಕಡೆಗೆ ಸೊಟ್ಟಗಾದ, ಕಣ್ಣು ಬಹಳ ಚುರುಕಾದ ಮುದುಕಿ. ನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದೆ. ನನ್ನನ್ನು ದಿಟ್ಟಿಸಿ ಏನೋ ಹೇಳಿದರು, ಉದ್ದಕ್ಕೆ, ಅವರ ಕಡೆಯ ಆಡುಮಾತಿನಲ್ಲಿ, ತೊದಲುತ್ತ. ಬೈಗುಳವೋ, ಊಟವಾಯಿತೇ ಎಂದೋ, ಒಂದೂ ತಿಳಿಯಲಿಲ್ಲ. ಮಾತು ಮುಗಿಸಿ ನನ್ನ ಉತ್ತರಕ್ಕೆ ಕಾದರು.

"ಅರ್ಥವಾಗಲಿಲ್ಲ," ಎಂದೆ. "ದಯವಿಟ್ಟು ಇನ್ನೊಂದು ಸಲ ಹೇಳಿ."

ಕಿವುಡರಿಗೆ ಹೇಳುವವರ ಹಾಗೆ ಗಟ್ಟಿಯಾಗಿ ಹೇಳಿದರು. ಆಗಲೂ ಅರ್ಥವಾಗಲಿಲ್ಲ. ಅದನ್ನೂ ಹೇಳಿದೆ.