ಚಳಿಗಾಲದ ಮೊಟ್ಟೆಮೀನು

ಟಿ. ನರಸೀಪುರದ ಬಸ್ ನಿಲ್ದಾಣದ ಪಕ್ಕ ಮೀನು ಮಾರುತ್ತಿದ್ದ ಚಿನ್ನಮ್ಮನಿಗೆ ನಂಬಿಕೆ ಅನ್ನುವ ಪದಾರ್ಥವೇ ಇರಲಿಲ್ಲ ಬಿಡಿ. ಹಾಲಿನವನ ಕ್ಯಾನಿಗೆ ಬೆರಳದ್ದಿ ನೋಡುವವಳು. ಗಂಡ ಮಲ್ಲಯ್ಯ ಬದುಕಿದ್ದಾಗ ಅವನು ಹೊಳೆಯಿಂದ ಹಿಡಿದು ತಂದ ಮೀನಿನ ಕಿವಿರನ್ನೂ ಎತ್ತಿ ನೋಡಿಯೇ ಬುಟ್ಟಿಗೆ ಹಾಕುತ್ತಿದ್ದಳು. ಬೆಳಿಗ್ಗೆ ಮೊದಲ ಗಿರಾಕಿಯ ಎದುರು ಒಂದು ಮೀನಿನ ಹೊಟ್ಟೆ ಸೀಳಿ ತೋರಿಸುವುದು ಅವಳ ಪದ್ಧತಿ. "ನೋಡ್ಕಳಿ ಸಾ, ಆಮೇಲೆ ಚಿನ್ನಮ್ಮ ಮೋಸ ಮಾಡುದ್ಲು ಅನ್ಬೇಡಿ."

ಮಲ್ಲಯ್ಯ ತೀರಿಕೊಂಡ ಮೇಲೆ ಅವಳಿಗಿದ್ದವನು ತಮ್ಮ ಶಿವಸ್ವಾಮಿ ಒಬ್ಬನೇ. ಹೊಳೆಮೀನು ಕಡಿಮೆಯಾಗಿದ್ದ ಕಾಲ. ಮಂಗಳೂರಿನಿಂದ ಲಾರಿಯಲ್ಲಿ ಐಸು ಹಾಕಿಕೊಂಡು ಮೈಸೂರಿಗೆ ಬರುತ್ತಿದ್ದ ಸಮುದ್ರದ ಮೀನನ್ನು ಅವನು ಅಕ್ಕನಿಗೆ ತಂದುಕೊಡುತ್ತಿದ್ದ. ಅಂಥವನನ್ನೇ ಕಳ್ಳ ಅಂದುಬಿಟ್ಟಳು!

ಆದದ್ದು ಇಷ್ಟು. ತೊಂಬತ್ತೆಂಟರ ಚಳಿಗಾಲದಲ್ಲಿ ಅವನು ನಾಲಿಗೆಯಂತೆ ಚಪ್ಪಟೆಯಾದ ನಂಗು ಮೀನು ತಂದ. ಸೀಳಿದರೆ ಹೊಟ್ಟೆ ತುಂಬಾ ಮೊಟ್ಟೆ. ನಮ್ಮ ಹೊಳೆಯ ಮೀನು ಮೊಟ್ಟೆ ಕಟ್ಟುವುದು ಮಳೆಗಾಲದ ಹೊಸ ನೀರು ಬಂದಾಗ. ನಮ್ಮವರಿಗೆ ಗೊತ್ತಿದ್ದ ಲೆಕ್ಕ ಅದೊಂದೇ. ಚಿನ್ನಮ್ಮ ಕೆಂಡವಾದಳು.

"ಆಸಾಡದಲ್ಲಿ ಇಡ್ದ ಮೀನ ಇಲ್ಲೀಗಂಟ ಐಸ್ನಲ್ಲಿಟ್ಟು ತಂದಿದ್ದೀಯಲ್ಲೋ! ಒಡುಟ್ಟಿದ ಅಕ್ಕಂಗೇ ಮೋಸ ಮಾಡ್ತೀಯಾ?"

"ನಂಜುಂಡಪ್ಪನಾಣೆ, ನೆನ್ನೆ ಲಾರೀಲಿ ಬಂದುದ್ದು ಕಣಕ್ಕ."

"ದೇವ್ರ ಯಾಕ್ಲಾ ಎಳೀತೀಯ? ಓಗತ್ಲಾಗೆ, ಕಳ್ಳ!"

ಬುಟ್ಟಿ ಪೂರಾ ನಾಯಿಗಳಿಗೆ ಸುರಿದಳು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಿಂತು ನೋಡಿದರು. ಶಿವಸ್ವಾಮಿ ತಲೆ ತಗ್ಗಿಸಿಕೊಂಡು ಹೆಂಡತಿಯ ಊರಾದ ಹದಿನಾರಿಗೆ ಹೋಗಿಬಿಟ್ಟ. ವರ್ಷವಾದರೂ ಅಕ್ಕನ ಕಡೆ ತಲೆ ಹಾಕಲಿಲ್ಲ.

ಮರುವರ್ಷದ ಚಳಿಗೆ ಬೇರೊಬ್ಬ ತಂದ ನಂಗಿನಲ್ಲೂ ಅದೇ ಮೊಟ್ಟೆ. ಇವರೆಲ್ಲ ಸೇರಿಕೊಂಡು ಆಟ ಆಡಿಸುತ್ತಿದ್ದಾರೆ, ಕೈಯಾರೆ ಹಿಡಿದೇ ತೀರುತ್ತೇನೆ ಎಂದು ಆ ಮಹಾತಾಯಿ ಖಾಲಿ ಮೀನಿನ ಲಾರಿ ಹತ್ತಿ ಮಂಗಳೂರಿಗೇ ಹೋದಳು! ಬಂದರಿನಲ್ಲಿ ದೋಣಿಯಿಂದ ಆಗತಾನೇ ಇಳಿಸಿದ ರಾಶಿಯಲ್ಲಿ, ಇನ್ನೂ ಬಾಯಿ ಆಡಿಸುತ್ತಿದ್ದ ನಂಗೊಂದನ್ನು ತಾನೇ ಆರಿಸಿ ಸೀಳಿದಳು. ಹೊಟ್ಟೆ ತುಂಬಾ ಮೊಟ್ಟೆ ಇತ್ತು.

"ಇದೇನವ್ವಾ, ಚಳೀಲಿ ಮೊಟ್ಟೆ?" ಎಂದು ಅಲ್ಲಿ ಮೀನು ವಿಂಗಡಿಸುತ್ತಿದ್ದ ಹೆಂಗಸನ್ನು ಕೇಳಿದಳು.

"ನಂಗಿಗೆ ಚಳಿಯಲ್ಲೇ. ಬೂತಾಯಿ ಮೀನಿಗೆ ಮಳೆಯಲ್ಲಿ. ಎಲ್ಲಾ ಮೀನಿಗೂ ಒಂದೇ ಕಾಲ ಉಂಟಾ ಮಾರಾಯ್ತಿ?" ಆ ಹೆಂಗಸು ನಕ್ಕಳು.

ಅಯ್ಯೋ, ಒಡಹುಟ್ಟಿದವನ ಮಾನ ಬೀದಿಯಲ್ಲಿ ಕಳೆದೆನಲ್ಲ ಎಂದು ಚಿನ್ನಮ್ಮ ದಾರಿಯುದ್ದಕ್ಕೂ ಅತ್ತಳು. ಡಬ್ಬಿಯೊಂದರಲ್ಲಿ ಐಸು ಹಾಕಿ ನಂಗು ಮೀನು ಇಟ್ಟುಕೊಂಡು, ತನ್ನ ಮನೆಗೂ ಹೋಗದೆ, ನೇರ ಹದಿನಾರಿಗೆ ಬಂದು ತಮ್ಮನ ಬಾಗಿಲಲ್ಲಿ ನಿಂತಳು.

"ತಪ್ಪಾಯ್ತು ಕಣಪ್ಪಾ. ನಾನೇ ಮಂಗ್ಳೂರ್ಗೋಗಿ ಮೀನ್ ಕುಯ್ದು ನೋಡ್ಕಬಂದೆ. ಇದು ಚಳೀಲೇ ಮೊಟ್ಟೆ ಕಟ್ಟೋದಂತೆ. ನೀನು ಏಳಿದ್ದು ನಿಜ."

ಶಿವಸ್ವಾಮಿ ಡಬ್ಬಿ ಮುಟ್ಟಲಿಲ್ಲ.

"ಮೀನ ನಂಬ್ಕೊಂಡು ಬಂದಿದ್ದೀಯ ಅಕ್ಕ," ಅಂದ. "ನನ್ನ ನಂಬ್ಕೊಂಡು ಯಾವತ್ತು ಬತ್ತೀಯ?"