ಪುಷ್ಪಲತಾ ನಿದ್ದೆ ಕಲಿತದ್ದು

ಹರಿಹರದ ಪುಷ್ಪಲತಾ ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ಸಗಟು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಸಂಜೆಯವರೆಗೂ ಗಾದಿಯ ಮೇಲೆ ಕೂತು ರವಿಕೆ ಬಟ್ಟೆಗಳನ್ನು ಬಿಚ್ಚಿ ತೋರಿಸುವುದು, ಮತ್ತೆ ಮಡಚಿಡುವುದು. ನಲವತ್ತು ದಾಟಿದ ಮೇಲೆ ಮೈ ಬಂತು. ಬಂದದ್ದು ಹೋಗಲಿಲ್ಲ. ಕೂತಲ್ಲೇ ತೂಕಡಿಕೆ. ಅದನ್ನು ಓಡಿಸಲು ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಂಡಕ್ಕಿ, ಮಿರ್ಚಿ, ಸಕ್ಕರೆ ಜಾಸ್ತಿ ಹಾಕಿದ ಚಹಾ. ಅವಳ ಗೊರಕೆ ತಾಳಲಾರದೆ ಗಂಡ ಮಾರುತಿ ಹಾಸಿಗೆ ಎತ್ತಿಕೊಂಡು ಪಡಸಾಲೆಗೆ ಹೋಗಿ ವರ್ಷಗಳಾಗಿದ್ದವು. ಲೇತ್ ವರ್ಕ್‌ಶಾಪಿನಲ್ಲಿ ದುಡಿಯುವವನು, ಅವನಿಗೂ ನಿದ್ದೆ ಬೇಕಿತ್ತು. ಆ ಬಗ್ಗೆ ಇಬ್ಬರೂ ಒಂದು ದಿನವೂ ಮಾತಾಡಿದ್ದಿಲ್ಲ.

ಅದೇ ಅಂಗಡಿಯ ರುಕ್ಸಾನಾ ದಿನವೂ ಅವಳ ಜೊತೆ ಹರಿಹರಕ್ಕೆ ಬರುತ್ತಿದ್ದಳು, ಊರು ಬಂದಾಗ ಅವಳನ್ನು ಎಬ್ಬಿಸುತ್ತಿದ್ದಳು. ರುಕ್ಸಾನಾ ರಜೆಯಲ್ಲಿದ್ದ ಒಂದು ಸಂಜೆ ಪುಷ್ಪಲತಾ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಹೊರಗೆ ರಾಣೆಬೆನ್ನೂರಿನ ದೀಪಗಳು. ಹರಿಹರ, ಹೊಳೆ, ಸೇತುವೆ ಎಲ್ಲ ಹಿಂದೆ ಉಳಿದಿದ್ದವು. ಕಂಡಕ್ಟರ್ ಕೂಗಿ ಎಬ್ಬಿಸಿದ್ದನಂತೆ, ಅವಳು ಹೂಂ ಅಂದು ಮತ್ತೆ ಮಲಗಿದ್ದಳಂತೆ. ಪಕ್ಕದ ಸೀಟಿನ ಹುಡುಗಿಯರು ನಗು ತಡೆಯುತ್ತಿದ್ದುದನ್ನು ಕಂಡು ಅವಳಿಗೆ ಭೂಮಿಗಿಳಿದು ಹೋದಂತಾಯಿತು.

ಮಾರುತಿಯೇ ಡಾಕ್ಟರ ಬಳಿ ಕರೆದುಕೊಂಡು ಹೋದ. ಪರೀಕ್ಷೆ ಮಾಡಿಸಿದ ಡಾಕ್ಟರು, ನಿದ್ದೆಯಲ್ಲಿ ಉಸಿರು ಆಗಾಗ ಕಟ್ಟುತ್ತಿದೆ, ಅದಕ್ಕೇ ಹಗಲೆಲ್ಲ ಮಂಪರು ಎಂದರು. ನಿದ್ದೆಗೆಟ್ಟ ಮೈ ಹೆಚ್ಚು ತಿನ್ನಲು ಕೇಳುತ್ತದೆ, ತಿಂದಷ್ಟೂ ತೂಕ, ತೂಕ ಏರಿದಷ್ಟೂ ನಿದ್ದೆ ಕೆಡುತ್ತದೆ. ಇನ್ನೂ ಆರಂಭದಲ್ಲೇ ಇದೆ, ಮೊದಲು ತೂಕ ಇಳಿಸಿ ಎಂದರು.

ಹೊಳೆಯ ಹತ್ತಿರದ ಸಮುದಾಯ ಭವನದಲ್ಲಿ ನಿವೃತ್ತ ಪಿ.ಟಿ. ಟೀಚರು ನಿರ್ಮಲಮ್ಮ ಬೆಳಗಿನ ಹೊತ್ತು ಯೋಗ ಹೇಳಿಕೊಡುತ್ತಿದ್ದರು. ಮೊದಲ ದಿನ ಪುಷ್ಪಲತಾಳ ಕೈ ಮೊಣಕಾಲಿಗಿಂತ ಕೆಳಗೆ ಹೋಗಲಿಲ್ಲ. ನಿರ್ಮಲಮ್ಮ ಒಂದು ಕುರ್ಚಿ ತಂದಿಟ್ಟು, ಅದನ್ನು ಹಿಡಿದೇ ಸೂರ್ಯನಮಸ್ಕಾರ ಮಾಡಲು ಹೇಳಿದರು. ಎಷ್ಟು ಬಗ್ಗಿದಳೆಂದು ನೋಡಲಿಲ್ಲ, ಉಸಿರು ಓಡುತ್ತಿದೆಯೇ ನಿಂತಿದೆಯೇ ಎಂದಷ್ಟೇ ನೋಡುತ್ತಿದ್ದರು. ಕೊನೆಗೆ ಶವಾಸನ. ತೆರೆದ ಕಿಟಕಿಯಿಂದ ತುಂಗಭದ್ರೆಯ ಮಂಜು ಮೆಲ್ಲಗೆ ಒಳಗೆ ಬರುತ್ತಿತ್ತು. ದೂರದಲ್ಲೆಲ್ಲೋ ಬಟ್ಟೆ ಒಗೆಯುವ ಸದ್ದು, ಇನ್ನೂ ದೂರದಲ್ಲಿ ರೈಲು. ಪಾದ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಯಿತೋ ಅವಳಿಗೆ ತಿಳಿಯುತ್ತಿರಲಿಲ್ಲ. ಹಗ್ಗ ಬಿಚ್ಚಿದ ತೆಪ್ಪದಂತೆ ಮೈ ತಾನೇ ತೇಲಿ ಹೋಗುತ್ತಿತ್ತು.

ತಿಂಗಳು ಕಳೆದರೂ ತೂಕದ ಯಂತ್ರದ ಮುಳ್ಳು ಮಾತ್ರ ಹೆಚ್ಚೇನೂ ಅಲ್ಲಾಡಲಿಲ್ಲ. ಇದೆಲ್ಲ ನನ್ನಂಥವರಿಗಲ್ಲ ಎಂದು ಅವಳು ನಿರ್ಮಲಮ್ಮನ ಮುಂದೆ ಕಣ್ಣೀರು ಹಾಕಿದಳು. ಅವರು ಚಾಪೆ ಸುತ್ತುವುದನ್ನು ಬಿಟ್ಟು ಅವಳ ಪಕ್ಕ ಕೂತರು.

“ಬರೇ ಆಸನದಿಂದ ಕೊಬ್ಬು ಕರಗಲ್ಲ ಪುಷ್ಪಾ. ಸುಳ್ಳು ಯಾಕ ಹೇಳ್ಲಿ? ಆದ್ರೆ ಹೊಟ್ಟೆ ಏನು ಕೇಳ್ತೈತೆ ಅಂಬೋದು ನಿನಗೆ ಕೇಳಿಸಂಗೆ ಆಗ್ತೈತೆ. ಅವಸರ ಬ್ಯಾಡ.”

ಅದು ಕೇಳಿಸಿದ್ದು ಮಂಡಿಪೇಟೆಯಲ್ಲಿ, ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ. ರುಕ್ಸಾನಾ ಎಂದಿನಂತೆ ಮಂಡಕ್ಕಿ-ಮಿರ್ಚಿ ಪೊಟ್ಟಣ ಬಿಚ್ಚಿದಳು. ಕೈ ಚಾಚಿದ ಪುಷ್ಪಲತಾ ಒಂದು ಉದ್ದ ಉಸಿರು ತೆಗೆದುಕೊಂಡಳು. ಹೊಟ್ಟೆ ಸುಮ್ಮನಿತ್ತು. ಕಣ್ಣು ಮಾತ್ರ ಭಾರವಾಗಿತ್ತು. ಬೇಕಾದ್ದು ಮಿರ್ಚಿಯಲ್ಲ ಎಂದು ಗೊತ್ತಾಗಿ ಅವಳಿಗೇ ಆಶ್ಚರ್ಯವಾಯಿತು. ಚಾಚಿದ ಕೈ ಹಿಂದಕ್ಕೆ ತೆಗೆದಳು.

“ಯಾಕಕ್ಕಾ, ಹುಷಾರಿಲ್ಲೇನು?” ಎಂದಳು ರುಕ್ಸಾನಾ.

“ಹಸಿವಿಲ್ಲ,” ಎಂದಳು ಪುಷ್ಪಲತಾ. ಹಾಗೆಂದು ಕೊನೆಯ ಸಲ ಯಾವಾಗ ಹೇಳಿದ್ದಳೋ ನೆನಪಾಗಲಿಲ್ಲ.

ಆಮೇಲಾಮೇಲೆ ರಾತ್ರಿಯೂಟ ಬೇಗ ಆಯಿತು, ಅನ್ನ ಕಡಿಮೆಯಾಗಿ ಸೊಪ್ಪಿನ ಪಲ್ಯ ಹೆಚ್ಚಿತು. ಹಬ್ಬದ ಹೋಳಿಗೆಯನ್ನು ಮಾತ್ರ ಬಿಡಲಿಲ್ಲ. ಮಳೆಗಾಲ ಬಂತು, ಹೊಳೆ ಕೆಂಪಾಗಿ ತುಂಬಿತು. ಒಂದು ಬೆಳಗಿನ ಜಾವ ಅವಳು ಕನಸು ಕಂಡಳು: ಮಂಡಿಪೇಟೆಯ ಓಣಿಗಳಲ್ಲಿ ತಿಳಿನೀರು ಹರಿಯುತ್ತಿತ್ತು, ಅಂಗಡಿಯ ರವಿಕೆ ಬಟ್ಟೆಗಳೆಲ್ಲ ಬಣ್ಣಬಣ್ಣದ ಮೀನುಗಳಾಗಿ ಅವಳ ಸುತ್ತ ಈಜುತ್ತಿದ್ದವು. ಎದ್ದಾಗ ಬಾಯಿ ಒಣಗಿರಲಿಲ್ಲ, ತಲೆ ಭಾರವಿರಲಿಲ್ಲ. ಮೈಯೆಲ್ಲ ಈಗಷ್ಟೇ ತೊಳೆದಂತಿತ್ತು.

ಚಳಿ ಶುರುವಾಗುವ ಹೊತ್ತಿಗೆ ಬಳೆಗಳು ಮೊಣಕೈಯತ್ತ ಜಾರುತ್ತಿದ್ದವು. ತೆಳ್ಳಗಾದಳೆಂದು ಯಾರೂ ಅನ್ನಲಿಲ್ಲ, ಅವಳು ತೆಳ್ಳಗೆ ಆಗಿರಲೂ ಇಲ್ಲ. ಆದರೆ ಮತ್ತೆ ಪರೀಕ್ಷಿಸಿದ ಡಾಕ್ಟರು ಉಸಿರು ಕಟ್ಟುವುದು ಬಹಳ ಕಡಿಮೆಯಾಗಿದೆ, ಹೀಗೇ ಮುಂದುವರಿಸಿ ಎಂದರು. ಆ ವಾರವೇ ಮಾರುತಿ ಪಡಸಾಲೆಯ ಹಾಸಿಗೆಯನ್ನು ಒಳಗೆ ತಂದು ಹಾಸಿದ.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಅವನು ಅವಳನ್ನೇ ನೋಡಿದ.

“ನಿದ್ದ್ಯಾಗ ನಗ್ತಿದ್ದೆ ನೀನು. ಏನು ಅಂತ ಕೇಳಬೇಕು ಅನ್ನಿಸ್ತು, ಎಬ್ಬಿಸಾಕ ಮನಸಾಗಲಿಲ್ಲ.”

ಪುಷ್ಪಲತಾ ನೆನಪಿಸಿಕೊಳ್ಳಲು ನೋಡಿದಳು. ಏನೂ ಸಿಗಲಿಲ್ಲ. ಚಾಪೆ ಕಂಕುಳಲ್ಲಿಟ್ಟುಕೊಂಡು ಮಂಜಿನೊಳಗೆ ಹೊಳೆಯ ದಿಕ್ಕಿಗೆ ನಡೆದಳು.