ಚಿಕ್ಕಕ್ಷರದ ಅಂಬಾದಾಸ

ನನ್ನ ಗೆಳೆಯ ಅಂಬಾದಾಸ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಕೂಕಟ್‌ಪಲ್ಲಿಯಿಂದ ಬಸ್ಸು ಹಿಡಿದು ಸಾಫ್ಟ್‌ವೇರ್ ಕಂಪನಿಗೆ ಹೋಗಿ, ಎಂಜಿನಿಯರುಗಳು ಬರೆದ ಇಂಗ್ಲಿಷ್ ವರದಿಗಳನ್ನು ತಿದ್ದುವುದು ಅವನ ಕೆಲಸವಾಗಿತ್ತು. ಅವರು ತಮ್ಮ ಪ್ರತಿಯೊಂದು ವಿಧಾನದ ಹೆಸರಿಗೂ, ಅದು ಊರೋ ಮನುಷ್ಯನೋ ಎಂಬಂತೆ, ಕ್ಯಾಪಿಟಲ್ ಅಕ್ಷರ ಹಾಕುತ್ತಿದ್ದರು. ಇವನು ಕೆಂಪು ಪೆನ್ನಿನಿಂದ ಅದನ್ನು ಚಿಕ್ಕದು ಮಾಡುತ್ತಿದ್ದ. ಹೋಟೆಲಿನಲ್ಲಿ ಮೆನು ಕಾರ್ಡನ್ನೂ ತಿದ್ದದೆ ಬಿಡುತ್ತಿರಲಿಲ್ಲ. ಮುಂದಿಟ್ಟ ಬಿರಿಯಾನಿ ಆರುತ್ತಿತ್ತು. "ಒಂದ ಅಕ್ಷರ ದೊಡ್ಡದಾದ್ರ ನಿಮ್ಮ ಗಂಟೇನ್ ಹೋಗ್ತೈತ್ರಿ ಸರ್?" ಎಂದು ಅದೇ ಆಫೀಸಿನ, ರಾಯಚೂರು ಕಡೆಯ ಎಂಜಿನಿಯರ್ ಗಂಗಾ ಕೆಣಕುತ್ತಿದ್ದಳು. "ತೊಟ್ಟಿಲದಾಗ ಹಾಕಿ ಹೆಸರಿಟ್ಟೀಯೇನವಾ ಅದಕ್ಕ? ದೊಡ್ಡಕ್ಷರ ಹಚ್ಚಿದ್ರ ಅದು ತಾನಾಗೇ ಹುಟ್ಟೇತಿ ಅಂತ ತಿಳೀತಾರ. ಮಾಡಿದವ್ರನ್ನ ಯಾರ ಕೇಳ್ತಾರ?" ಎನ್ನುತ್ತಿದ್ದ. ಕಳೆದ ತಿಂಗಳು ಕಂಪನಿ ಜನರನ್ನು ತೆಗೆಯತೊಡಗಿತು. ಗಂಗಾಳ ಕೆಲಸವೂ ಅತಂತ್ರವಾಗಿತ್ತು. ಪ್ರೋಗ್ರಾಮಿನ ತಪ್ಪು ಹಿಡಿಯಲು ಅವಳು ಕಂಡುಕೊಂಡ ವಿಧಾನವನ್ನು ವರದಿಯಲ್ಲಿ ಕಂಪನಿಯ ಹೆಸರಿನಿಂದ, ಎಲ್ಲ ದೊಡ್ಡಕ್ಷರಗಳಲ್ಲಿ ಬರೆದಿದ್ದರು. ಅವಳ ಹೆಸರು ಎಲ್ಲೂ ಇರಲಿಲ್ಲ. ಸೋಮವಾರ ಸಂಜೆ ಅಂಬಾದಾಸ ಆ ವರದಿಯನ್ನು ತಾನು ಮಲಗಿದ್ದ ಆಸ್ಪತ್ರೆಗೆ ತರಿಸಿಕೊಂಡ. ಕಂಪನಿಯ ಹೆಸರನ್ನು ಹೊಡೆದುಹಾಕಿ, ಅಲ್ಲಿ ಗಂಗಾಳ ಹೆಸರು ಬರೆದ. ಅದರ ಮೊದಲ ಅಕ್ಷರವನ್ನು ಮೇಲಿನ ಸಾಲಿಗೆ ತಾಗುವಷ್ಟು ದೊಡ್ಡದು ಮಾಡಿದ. "ಇದನ್ನ ಇವತ್ತ ಮ್ಯಾನೇಜರಗ ಮುಟ್ಟಸಪಾ" ಎಂದು ಹಾಸಿಗೆಯ ಪಕ್ಕದಲ್ಲಿದ್ದ ನನ್ನ ಕೈಗಿತ್ತು, ಪೆನ್ನಿಗೆ ಮುಚ್ಚಳ ಹಾಕಿದ.